ಕೆಳಗಿಳಿಯುವ ದಾರಿ

"ಬೆನ್ನ ಮೇಲೆ ಕೂತ್ಕೊಳ್ಳಿ! ಏಳೋಕೆ ಬಿಡಬೇಡಿ!"

ಗೈಡ್ ಕೂಗಿದ. ಅವಳು ಗಂಡನ ಬೆನ್ನ ಮೇಲೆ ಮಂಡಿಯೂರಿದಳು. ಅವನ ಮುಖ ಹಿಮದಲ್ಲಿ ಹೂತಿತ್ತು. ಮೂಗಿನಿಂದ ಸುರಿದ ರಕ್ತ ಆಗಲೇ ಹೆಪ್ಪುಗಟ್ಟುತ್ತಿತ್ತು. ಇಷ್ಟು ವರ್ಷದ ಸಂಸಾರದಲ್ಲಿ ಸೊಳ್ಳೆಗೂ ಜೋರಾಗಿ ಹೊಡೆಯದ ಮನುಷ್ಯ ಈಗಷ್ಟೇ ಕೈಗೋಲಿನಿಂದ ಗೈಡಿನ ತಲೆಗೆ ಬಾರಿಸಿದ್ದ.

"ಅವನಿಗೆ ತಲೆ ಸರಿಯಿಲ್ಲ ಕಣೇ! ಅವನ ಹಿಂದೆ ಹೋಗಬೇಡ!" ಗಂಡ ಮುಖ ಹೊರಳಿಸಿ ಕೂಗಿದ.

"ಕೇಳಿದ್ರಾ?" ಗೈಡ್ ಹುಬ್ಬಿಗೆ ಇಳಿದ ರಕ್ತ ಒರೆಸಿಕೊಂಡ. "ತಲೆ ಕೆಟ್ಟೋರೆಲ್ಲ ಹೀಗೇ ಹೇಳೋದು."

ಅವಳಿಗೆ ಕೆಳಗಿನ ಶಿಬಿರದ ಡಾಕ್ಟರು ಹೇಳಿದ್ದು ನೆನಪಾಯಿತು. "ಮೇಲೆ ಗಾಳಿ ತೆಳ್ಳಗೆ. ಮಿದುಳು ಊದಿಕೊಂಡ್ರೆ ಮನುಷ್ಯ ಕುಡಿದವನ ಹಾಗೆ ಆಡ್ತಾನೆ. ಸಿಟ್ಟು, ಹಟ, ತೂರಾಟ. ಯಾರಿಗೆ ಬೇಕಾದ್ರೂ ಬರಬಹುದು, ಬಂದವನಿಗೆ ಗೊತ್ತೇ ಆಗಲ್ಲ. ವಾದ ಮಾಡ್ತಾ ಕೂರಬೇಡಿ, ಕೆಳಗಿಳಿಸಿ." ಗಂಡ ಆಗ ಆಕಳಿಸುತ್ತಿದ್ದ. ಅವಳು ಮೈಯೆಲ್ಲ ಕಿವಿಯಾಗಿದ್ದಳು. ಮನೆಯಿಂದ ಹೊರಡುವಾಗ ಗ್ಯಾಸ್ ಆರಿಸಿದ್ದನ್ನು ಮತ್ತೆ ಮತ್ತೆ ಮುಟ್ಟಿ ನೋಡುವ ಹೆಂಗಸು ಅವಳು.

ನಿನ್ನೆ ಸಂಜೆ ಗಂಡ ವಾಂತಿ ಮಾಡಿಕೊಂಡಿದ್ದ. ಬೆಳಗ್ಗೆ ತಲೆ ಸಿಡಿಯುತ್ತಿದೆ ಎಂದ. ಗೈಡ್ ಒಂದೇ ಮಾತಿನಲ್ಲಿ ತೀರ್ಮಾನಿಸಿದ: ವಾಪಸ್ ಇಳಿಯೋಣ. ಅಲ್ಲಿಂದಲೇ ರಗಳೆ ಶುರು. ದಾರಿಗೆ ಅಡ್ಡವಾಗಿ ಸಿಕ್ಕ ದೊಡ್ಡ ಬಂಡೆಯ ಎಡಕ್ಕೆ ಗೈಡ್ ಹೊರಟ. ಗಂಡ, ನಾವು ಬಂದದ್ದು ಬಲದಿಂದ ಎಂದು ಹಟ ಹಿಡಿದ.

ಅವಳು ಆ ಮಾತಿಗೆ ಸೊಪ್ಪು ಹಾಕಲಿಲ್ಲ. ಗಂಡ ಡ್ರೈವಿಂಗ್ ಶಾಲೆಯ ಮಾಸ್ತರು. ಕರುಳಿನ ಆಪರೇಷನ್‌ಗೆ ಹೊತ್ತೊಯ್ಯುತ್ತಿದ್ದ ಆಂಬುಲೆನ್ಸಿನ ಚಾಲಕನಿಗೂ ಮಲಗಿದಲ್ಲಿಂದಲೇ ದಾರಿ ತಿದ್ದಿದ್ದ ಆಸಾಮಿ. ಗೈಡಿಗಾದರೋ ಇದು ಹುಟ್ಟಿದ ಬೆಟ್ಟ. "ಚಳಿಗಾಲವೆಲ್ಲ ಬಯಲಲ್ಲಿ ಲಾರಿ ಓಡಿಸಿ ಸಾಕಾಯ್ತು, ನಿಮ್ಮ ಜೊತೇಲೇ ಈ ವರ್ಷ ಮೊದಲ ಸಲ ಮೇಲೆ ಬರ್ತಿರೋದು. ಆದ್ರೆ ಇದು ನಮ್ಮ ಹಿತ್ತಿಲು ಬಿಡಿ" ಎಂದು ಅವನು ಜೀಪಿನಲ್ಲೇ ನಗಾಡಿದ್ದ.

"ಸರಿ, ಪರೀಕ್ಷೆ ಮಾಡೇ ಬಿಡೋಣ" ಎಂದಳು ಅವಳು ಗಂಡನಿಗೆ. "ಡಾಕ್ಟರು ಹೇಳ್ಲಿಲ್ವಾ? ಹಿಮ್ಮಡಿಗೆ ಕಾಲ್ಬೆರಳು ತಾಗಿಸ್ತಾ ನೇರ ಗೆರೆ ಮೇಲೆ ನಡೀರಿ."

"ಮೊದಲು ಅವನು ನಡೆದು ತೋರಿಸ್ಲಿ!"

ಗೈಡ್ ಗಂಡನ ಕೊರಳಪಟ್ಟಿ ಹಿಡಿದ. ಗಂಡ ಕೋಲು ಬೀಸಿದ್ದು ಆಗಲೇ.

ಈಗ ಗೈಡ್ ಹಗ್ಗ ತೆಗೆದ. ಅವನ ಬರಿಗೈ ಬೆರಳುಗಳಿಗೆ ಗಂಟು ದಕ್ಕಲಿಲ್ಲ. ತಲೆಗೆ ಬಿದ್ದ ಏಟು, ಮೇಲಿಂದ ಚಳಿ, ಪಾಪ ಎಂದುಕೊಂಡು ಅವಳೇ ಕೈಹಾಕಿದಳು. ಅವಳ ಕೆಲಸ ಪಾರ್ಸೆಲ್ ಆಫೀಸಿನಲ್ಲಿ. ಅವಳ ಗಂಟು ಬಿಚ್ಚಲಾರದೆ ಜನ ಬೈದುಕೊಂಡು ಕತ್ತರಿ ಹುಡುಕುತ್ತಾರೆ.

ಗಂಡ ಒದ್ದ. ಗೈಡ್ ಅವನ ಪಕ್ಕೆಗೆ ಬೂಟುಗಾಲಿನಿಂದ ಜಾಡಿಸಿದ. ಮತ್ತೊಮ್ಮೆ ಜಾಡಿಸಿದ. ಒಳಗೇನೋ ಲಟಕ್ಕೆಂದಿತು.

"ಸಾಕು! ಸಾಯಿಸ್ತೀರಾ?"

ಗೈಡ್ ಹಿಮಗೊಡಲಿ ಎತ್ತಿ ಹಿಡಿದಿದ್ದ. ಅವಳು ಗಂಡನ ಮೇಲೆ ಅಡ್ಡ ಬಿದ್ದಳು. ಗೈಡ್ ಅವಳನ್ನು ಗುರುತು ಸಿಗದವನಂತೆ ನೋಡಿದ. ಆಮೇಲೆ ಕೊಡಲಿ ಇಳಿಸಿ ನಕ್ಕ. "ಹೆದರಿಸಿದ್ದು ಅಷ್ಟೇ. ಬಾಯಿ ಮುಚ್ಚಿಸಿ. ಕೂಗಿದ್ರೆ ಹಿಮ ಜಾರುತ್ತೆ."

"ಅವಳನ್ನ ಮುಟ್ಟಬೇಡ್ವೋ!" ಗಂಡ ಅರಚಿದ. ಅವಳು ಅವನ ಕೆನ್ನೆಗೆ ಫಟಾರನೆ ಬಾರಿಸಿ, ಅವನು ದಂಗಾಗಿ ಬಾಯಿ ತೆರೆದಾಗ ಮಫ್ಲರ್ ತುರುಕಿದಳು. ಅವನ ಕಣ್ಣಲ್ಲಿ ನೀರು ಬಂತು. ಅವಳ ಕಣ್ಣಲ್ಲೂ ಬಂತು. ನಿಮ್ಮ ಒಳ್ಳೇದಕ್ಕೇ ರೀ, ಎಂದಳು.

ಸೊಂಟಕ್ಕೆ ಒಂದೇ ಹಗ್ಗ ಬಿಗಿದುಕೊಂಡು ಹೊರಟರು. ಮುಂದೆ ಗೈಡ್, ನಡುವೆ ಅವಳು, ಹಿಂದೆ ಕೈಕಟ್ಟಿಸಿಕೊಂಡ ಗಂಡ. ಮಂಜು ಕವಿಯಿತು. ಗಂಡ ಹೆಜ್ಜೆಹೆಜ್ಜೆಗೂ ಹಿಂದಕ್ಕೆ ಜಗ್ಗಿದ. ಅವಳು ಎತ್ತಿನ ಮೂಗುದಾರ ಎಳೆದಂತೆ ಎಳೆದಳು.

"ಹತ್ತುತ್ತಾ ಇದೀವಲ್ಲ?"

"ಇಳೀಬೇಕಾದ್ರೆ ಮೊದಲು ಸ್ವಲ್ಪ ಹತ್ತಬೇಕು."

ಅದೂ ಸರಿಯೇ ಅನ್ನಿಸಿತು. ಮುಗ್ಗರಿಸಿದಾಗಲೆಲ್ಲ ಗೈಡ್ ಬಂಡೆಗೆ ಬೈಯುತ್ತಿದ್ದ. ತೂರಾಡುತ್ತಿದ್ದವನ ನೆತ್ತಿಯ ಗಾಯ ನೋಡಿ ಅವಳಿಗೆ ಗಂಡನ ಮೇಲೆ ಸಿಟ್ಟೇ ಬಂತು.

ಒಂದು ದಿಬ್ಬದ ತುದಿಯಲ್ಲಿ ಗೈಡ್ ನಿಂತ. "ಬಂತು" ಎಂದ. ಕುಳಿತು ಬೂಟಿನ ಲೇಸು ಬಿಚ್ಚಿದ. ಎರಡೂ ಬೂಟುಗಳನ್ನು ಜೋಡಿಸಿ ಪಕ್ಕಕ್ಕಿಟ್ಟ.

"ಏನ್ ಮಾಡ್ತಿದೀರಿ?"

"ಮಂಜು ತುಳ್ಕೊಂಡು ಒಳಗೆ ಬರಬೇಡಿ. ಮನೆಯೋಳು ಈಗಷ್ಟೇ ನೆಲ ಒರೆಸಿದಾಳೆ." ಮೆಲ್ಲಗೆ ನಕ್ಕು ಅವನು ಹೊಸಿಲು ದಾಟುವವನಂತೆ ಕಾಲು ಎತ್ತಿಟ್ಟ. ಅಲ್ಲಿ ನೆಲವಿರಲಿಲ್ಲ.

ಹಗ್ಗ ಅವಳನ್ನು ಕಿತ್ತೆಸೆಯಿತು. ಮುಖ ಕಲ್ಲಿಗೆ ಬಡಿಯಿತು, ಉಗುರು ಕಿತ್ತುಬಂತು, ಅಂಚು ಬಂದೇಬಿಟ್ಟಿತು. ಗಂಡ ಕಟ್ಟಿದ ಕೈಗಳೊಂದಿಗೇ ಒಂದು ಬಂಡೆಯ ಹಿಂದಕ್ಕೆ ಧೊಪ್ಪನೆ ಬಿದ್ದು ಕಾಲು ಊರಿದ. ಅವನ ಭುಜ ಕೀಲು ತಪ್ಪಿದ ಸದ್ದು ಅವಳಿಗೂ ಕೇಳಿಸಿತು. ಹಗ್ಗ ನಿಂತಿತು. ಕೆಳಗೆ ಮಂಜಿನೊಳಗೆ ಗೈಡ್ ತೂಗಾಡುತ್ತ ಯಾರನ್ನೋ ಬಾಗಿಲು ತೆಗೆಯಲು ಕರೆಯುತ್ತಿದ್ದ. ದೂರದ ಬಲದಿಕ್ಕಿನಿಂದ, ಗಂಡ ಬೆಳಗ್ಗೆ ತೋರಿಸಿದ್ದ ದಾರಿಯಿಂದ, ಬೇರೆ ತಂಡದವರ ಸೀಟಿ ಕೇಳಿಸಿತು.

ಅವಳು ತೆವಳುತ್ತ ಹೋಗಿ ಗಂಡನ ಬಾಯಿಂದ ಮಫ್ಲರ್ ಎಳೆದಳು. ಮುಖದ ಮೇಲೆ ಉಗಿದರೂ ಸಹಿಸಿಕೊಳ್ಳಲು ತಯಾರಾಗಿ ಕಣ್ಣು ಮುಚ್ಚಿದಳು.

"ಹಗ್ಗ ಹಿಡ್ಕೋ, ಬಿಡಬೇಡ" ಎಂದ ಅವನು. "ಹುಷಾರಿಲ್ಲದಿರೋದು ಅವನಿಗೆ ಕಣೇ."