ಹಳೇ ಪದದ ಪಾಠ

ಮರೆವಿನ ಕಾಯಿಲೆಯ ಮಾತ್ರೆಗೆ ತಿಂಗಳಿಗೆ ಮೂರು ಸಾವಿರ. ರದ್ದಿ ಅಂಗಡಿಯ ಹಳೆಯ ಇಂಗ್ಲಿಷ್ ಕಾದಂಬರಿಗೆ ಇಪ್ಪತ್ತು. ಮರೆವಿನಲ್ಲಿ ಮಾತೇ ಬಿಟ್ಟಿದ್ದ ನಿವೃತ್ತ ಇಂಗ್ಲಿಷ್ ಮೇಷ್ಟ್ರ ಬಾಯಿ ಬಿಡಿಸಿದ್ದು ಕಾದಂಬರಿಯೇ. ಹಾಗಾಗಿ ಅವಳು ದಿನವೂ ಅವರೆದುರು ಪಾಠಕ್ಕೆ ಕೂರುತ್ತಿದ್ದಳು.

"ಸಾರ್, 'ಹೆಲ್ಪ್‌ಮೀಟ್' ಅಂದ್ರೇನು?"

"ಇಡೀ ವಾಕ್ಯ ಓದಮ್ಮ, ಅರ್ಥ ಅಲ್ಲೇ ಇರುತ್ತೆ."

ಅವಳು ತಡವರಿಸುತ್ತ ಓದಿದಳು. "ಬಾಳಿಗೆ ಜೊತೆಯಾದವಳು... ಹೆಂಡ್ತಿನಾ ಸಾರ್?"

"ಶಹಬ್ಬಾಸ್! ಈಗ ಯಾರೂ ಬಳಸದ ಪದ." ಮೇಷ್ಟ್ರ ಮುಖ ಬಾಡಿತು. "ನನ್ನ ಹೆಂಡ್ತೀನೂ ಇಂಗ್ಲಿಷ್ ಕಲಿಸಿ ಅಂತಿದ್ಲು. ಮುದ್ದೆ ತೊಳಸೋಕೆ ಇಂಗ್ಲಿಷ್ ಯಾಕೆ ಅಂದ್ಬಿಟ್ಟೆ. ಎಲ್ಲಿ ಹೋದಳೋ. ಸಿಕ್ಕಿದ್ರೆ ಹೇಳಮ್ಮ, ನಾಳೆಯಿಂದ ಪಾಠಕ್ಕೆ ಬರಲಿ."

"ಹೇಳ್ತೀನಿ ಸಾರ್," ಎಂದಳು, ಅವರನ್ನು ಬಾಳೆಲ್ಲ 'ರೀ' ಎಂದೇ ಕರೆದಿದ್ದವಳು.