ಖಾಲಿ ಬಿಟ್ಟ ಅಂಕಣ

ತೀರಿಕೊಂಡ ಶಿಕ್ಷಕರು ತಮ್ಮ ಆನ್‌ಲೈನ್ ಕೋರ್ಸುಗಳಲ್ಲಿ ಉಳಿದುಕೊಂಡು ಪಾಠ ಮಾಡುವುದು ಆಗ ಯಾರಿಗೂ ಸೋಜಿಗವಾಗಿರಲಿಲ್ಲ. ಧಾರವಾಡದ ಮಂದಾಕಿನಿಯ ಮಗಳು ಚಿನ್ಮಯಿ ಎರಡು ವರ್ಷದಿಂದ ಹಾಗೆಯೇ ಕಸೂತಿ ಕಲಿಸುತ್ತಿದ್ದಳು.

ಕೋರ್ಸುಗಳ ವಿವರ ಬದಲಿಸುವ ಉಪಕರಣಕ್ಕೆ ಕೈಪಿಡಿ ಬರೆಯುವುದು ಮಂದಾಕಿನಿಯ ಕೆಲಸ. ಬರೆದ ಪ್ರತಿ ಹೆಜ್ಜೆಯನ್ನೂ ನಿಜವಾದ ಕೋರ್ಸಿನ ಮೇಲೆ ಮಾಡಿ ನೋಡಬೇಕೆಂಬುದು ಕಚೇರಿಯ ಪದ್ಧತಿ. ಅವಳು ಮಗಳ ಕೋರ್ಸನ್ನೇ ಆರಿಸಿಕೊಂಡಿದ್ದಳು. ಆ ನೆಪದಲ್ಲಿ ದಿನವೂ ಮಾತಾಡಬಹುದಲ್ಲ.

"ಅವ್ವಾ, ಒಲಿ ಮ್ಯಾಲೆ ಏನ ಇಟ್ಟಿ? ನಿನ್ನೆ ಸೀಯಿಸಿದಂಗ ಸೀಯಿಸಬ್ಯಾಡ ಮತ್ತ," ಎಂದಳು ಚಿನ್ಮಯಿ.

"ಬ್ಯಾಳಿ ಇಟ್ಟೀನಿ. ನೀ ಸುಮ್ಮನಿರು, ನಿನ್ನ ಪಾಠದ ಹೊತ್ತು ಬದಲಿಸಾಕತ್ತೀನಿ."

ಮಂದಾಕಿನಿ ಉಪಕರಣದ ನಮೂನೆಯಲ್ಲಿ ಹೊಸ ಸಮಯವನ್ನಷ್ಟೇ ಬರೆದು ಕಳಿಸಿದಳು. ಉಳಿದ ಅಂಕಣಗಳನ್ನು ಖಾಲಿ ಬಿಟ್ಟರೆ ಹಳೆಯ ವಿವರ ಹಾಗೇ ಇರುತ್ತದೆಂದು ಅವಳ ಎಣಿಕೆ. ಒಲೆ ಆರಿಸಿ ಬರುವಷ್ಟರಲ್ಲಿ ಖಾಲಿ ಬಿಟ್ಟದ್ದೆಲ್ಲ ಅಳಿಸಿಹೋಗಿತ್ತು. ಶಿಕ್ಷಕಿಯ ಮನೆಯವರ ವಿವರವೂ ಅದರಲ್ಲಿತ್ತು.

"ನಮಸ್ಕಾರ್ರೀ," ಎಂದಳು ಚಿನ್ಮಯಿ. "ಕಸೂತಿ ಕಲಿಯಾಕ ಬಂದೀರೇನ್ರಿ?"

ತಾಯಿ ಎಂಬ ಅಂಕಣದಲ್ಲಿ ಮಂದಾಕಿನಿ ತನ್ನ ಹೆಸರನ್ನು ಮತ್ತೆ ಬರೆದು ಕಳಿಸಿದಳು. ಸ್ವಲ್ಪ ಹೊತ್ತು ಕಾದು ಕೇಳಿದಳು: "ಈಗ ಗುರುತು ಹತ್ತಿತೇನವಾ? ನಾ ಮಂದಾಕಿನಿ."

"ಹೌದೇನ್ರಿ?" ಮಗಳ ದನಿ ಹಿಗ್ಗಿತು. "ನಮ್ಮವ್ವನ ಹೆಸರೂ ಮಂದಾಕಿನೀನ ನೋಡ್ರಿ."

ಯಾವ ಅಂಕಣವನ್ನೂ ಖಾಲಿ ಬಿಡಬೇಡಿ ಎಂದು ಮಂದಾಕಿನಿ ಕೈಪಿಡಿಗೆ ಒಂದು ಸಾಲು ಸೇರಿಸಿದಳು. ಆಮೇಲೆ ಸೂಜಿಗೆ ದಾರ ಪೋಣಿಸಿಕೊಂಡು ಕೂತಳು.

"ಮೊದಲಿಂದ ಕಲಿಸ್ರಿ, ಟೀಚರ್."