ಕೃತಜ್ಞತೆಯ ಪಾಳಿ

ಈ ತಿಂಗಳು ಕೃತಜ್ಞತೆಯ ಪಾಳಿ ನೀಲವ್ವನದು. ಓಣಿಯ ನೀರಿನ ಘಟಕಕ್ಕೆ ಹಣ ಕೊಡುವ ಪರದೇಶದ ದಾನಿ ಪರದೆಯ ಮೇಲೆ ಬಂದಾಗ, ಎದುರಿಗೆ ಕೂತವಳ ಮುಂಗೈಗೆ ಕಟ್ಟಿದ, ಭಾವ ಓದುವ ಪಟ್ಟಿ ಹಸಿರಾಗಬೇಕು. ಒಳಗೆ ನಿಜವಾಗಿ ಉಪಕಾರ ಸ್ಮರಣೆ ಹುಟ್ಟಿದರೆ ಮಾತ್ರ ಅದು ಹಸಿರಾಗುತ್ತದೆ. ಇಲ್ಲದಿದ್ದರೆ ಮುಂದಿನ ಪಾಳಿಯವರೆಗೆ ನಲ್ಲಿ ಬಂದ್.

ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ ನೀಲವ್ವ ಪರದೆಯಲ್ಲಿ ಮೂಡಿದ ದಾನಿಗೆ ಕೈಮುಗಿದಳು. ಪಟ್ಟಿ ಬೆಳ್ಳಗೇ ಉಳಿಯಿತು. ಸತ್ತ ಅವ್ವನನ್ನು ನೆನೆದು ಅತ್ತಳು. ಪಟ್ಟಿ ದುಃಖದ ನೀಲಿಗೆ ತಿರುಗಿತು.

"ಅಳಬ್ಯಾಡ ಬೇ, ಅದಕ್ಕ ಎಲ್ಲಾ ತಿಳೀತೈತಿ," ಎಂದು ಬಾಗಿಲಲ್ಲಿ ಖಾಲಿ ಕೊಡ ಹಿಡಿದು ನಿಂತಿದ್ದ ನೆರೆಮನೆಯ ಮೈಮೂನಾ ಪಿಸುಗುಟ್ಟಿದಳು.

"ಹಂಗಾರ ನೀನ ಬಂದು ಕುಂದ್ರು. ನನಗ ಮಣಕಾಲು ಹರ್ಯಾಕತ್ತೈತಿ."

"ಹೋದ ತಿಂಗಳು ನಾ ಕುಂತಾಗ ಸಿಟ್ಟಿಲೆ ಪಟ್ಟಿ ಕೆಂಪಾಗಿ ನೀರು ನಿಂತಿದ್ದು ಮರತೇನು?"

ಹಾಗೆನ್ನುತ್ತಲೇ ಮೈಮೂನಾ ಒಳಗೆ ಬಂದು, ದಾನಿಗೆ ಕಾಣದಂತೆ ಬಗ್ಗಿ, ಕೊಡ ಹೊರಲು ತಲೆಯ ಮೇಲಿಟ್ಟುಕೊಂಡಿದ್ದ ಬಟ್ಟೆಯ ಸಿಂಬಿಯನ್ನು ನೀಲವ್ವನ ಮೊಣಕಾಲಿನ ಕೆಳಗೆ ಮೆತ್ತಗೆ ಸರಿಸಿದಳು. ನೋವು ಇಳಿಯಿತು. ನೀಲವ್ವ ಕಣ್ಣು ಮುಚ್ಚಿ ಉಸಿರು ಬಿಟ್ಟಳು.

ಪಟ್ಟಿ ಹಸಿರಾಯಿತು. ಹೊರಗೆ ನಲ್ಲಿ ಸುರಿಯತೊಡಗಿ, ಕೊಡಗಳ ಗದ್ದಲ ಎದ್ದಿತು.

ದಾನಿಯ ಕಣ್ಣುಗಳು ಒದ್ದೆಯಾದವು. ಅವನ ಮಾತನ್ನು ಯಂತ್ರ ಕನ್ನಡದಲ್ಲಿ ಹೇಳಿತು: "ನಾನೇನೂ ದೊಡ್ಡದು ಮಾಡಿಲ್ಲ, ತಾಯಿ. ಆದರೂ ಕೇಳುತ್ತೇನೆ, ನಿಮ್ಮ ಮನಸ್ಸನ್ನು ಮುಟ್ಟಿದ್ದು ಯಾವುದು?"

ನೀಲವ್ವ ಮೈಮೂನಾಳ ಮುಖ ನೋಡಿದಳು. ಮೈಮೂನಾ ಮೆಲ್ಲಗೆ ತಲೆಯಾಡಿಸಿ ಬೇಡವೆಂದಳು.

"ನಿಮ್ಮ ನೀರು ರೀ, ಸಾಹೇಬ್ರ," ಎಂದಳು ನೀಲವ್ವ.